ಹಿಮೇನಾಳ ಸ್ವೆಟರಿನ ಬಣ್ಣ

ಸುಲ್ಮಾ ಬೆಂತಂಕೋರ್ ಸಾಧು ಹೆಂಗಸು. ನದಿದಂಡೆಯ ನಮ್ಮ ಪೈಸಾಂದೂ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಲೆಕ್ಕದ ಟೀಚರ್ ಸುಲ್ಮಾ ದನಿ ಎತ್ತರಿಸಿದ್ದನ್ನು ಕೇಳಿದವರಿಲ್ಲ. ಬೇಕರಿಯ ಸಾಲಿನಲ್ಲಿ ಯಾರಾದರೂ ಅಡ್ಡ ನುಗ್ಗಿದರೆ ಸರಿದು ಜಾಗ ಬಿಡುವ ಪೈಕಿ. ಆದರೆ ಎರಡು ವಿಷಯದಲ್ಲಿ ಮಾತ್ರ ಜಪ್ಪಯ್ಯ ಅಂದರೂ ಜಗ್ಗುವವಳಲ್ಲ. ಕಂಪ್ಯೂಟರಿನಲ್ಲಿ ಯಾವ ಚಿತ್ರದ ಮೂಲ ಫೈಲಿನ ಮೇಲೂ ಇನ್ನೊಂದನ್ನು ಬರೆಯಬಾರದು ಎಂಬುದು ಒಂದು. ತನ್ನ ಮಗಳು ಹಿಮೇನಾಳ ಸ್ವೆಟರಿನ ಪಟ್ಟೆ ಕೆಂಪು-ನೀಲಿ ಎಂಬುದು ಇನ್ನೊಂದು. ಈ ಎರಡು ಹಠಕ್ಕೂ ಬೇರು ಒಂದೇ ವಾರದಲ್ಲಿದೆ.

ಅದಕ್ಕೂ ಮೊದಲು ಕಿತ್ತಳೆಯ ವಿಷಯ ಹೇಳಬೇಕು. ಸುಲ್ಮಾಳ ಗಂಡ ಅಲ್ಸಿದೆಸ್ ನದಿದಂಡೆಯ ಕಿತ್ತಳೆ ಪ್ಯಾಕಿಂಗ್ ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದ. ಹಣ್ಣನ್ನು ಬಣ್ಣ ನೋಡಿ ಬೇರೆ ಮಾಡಲು ಅಲ್ಲಿ ಸಾಲಾಗಿ ಹೆಂಗಸರು ನಿಲ್ಲುತ್ತಿದ್ದರು. ಸಂಜೆಯಾಗುತ್ತ ಪಾಪ ಅವರ ಕಣ್ಣು ಸೋತು ಹಸಿರು ಕಾಯಿಯೂ ಹಣ್ಣಿನ ಪೆಟ್ಟಿಗೆಗೇ ಬೀಳುತ್ತಿತ್ತು, ಮಾಲು ವಾಪಸ್ ಬರುತ್ತಿತ್ತು.

"ಅಲ್ಲ ಕಣೇ ಮುದುಕಿ, ದಿನಾ ಆ ಡಬ್ಬಿ ಮುಂದೆ ಕೂತಿರ್ತೀಯಲ್ಲ, ಅದರ ಕೈಲಿ ಈ ಕೆಲಸ ಮಾಡ್ಸಕ್ಕಾಗಲ್ವಾ?" ಎಂದು ಅವನು ಒಮ್ಮೆ ಊಟದ ಮೇಜಿನಲ್ಲಿ ರೇಗಿಸಿದ. ಆಗಿನ್ನೂ ಅವಳಿಗೆ ನೆಟ್ಟಗೆ ಒಂದು ನರೆಗೂದಲೂ ಬಂದಿರಲಿಲ್ಲ. ಮದುವೆಯಾದ ಮಾರನೆಯ ದಿನದಿಂದಲೇ ಗಂಡ ಹೆಂಡತಿ ಒಬ್ಬರನ್ನೊಬ್ಬರು ಮುದುಕ ಮುದುಕಿ ಅನ್ನುವುದು ನಮ್ಮ ಕಡೆಯ ಪ್ರೀತಿ.

ಅವನು ತಮಾಷೆಗೆ ಕೇಳಿದ್ದನ್ನು ಅವಳು ನಿಜವೆಂದೇ ಹಿಡಿದುಕೊಂಡಳು. ಶೆಡ್ಡಿನವರು ಒಂದು ಡಿಜಿಟಲ್ ಕ್ಯಾಮೆರಾ ತರಿಸಿಕೊಟ್ಟರು. ಚಿತ್ರದಲ್ಲಿ ಹಣ್ಣೆಲ್ಲಿದೆ, ನೆರಳೆಲ್ಲಿದೆ, ಯಾವುದು ಹಸಿರು, ಯಾವುದು ಪಕ್ವ ಎಂದು ಕಂಪ್ಯೂಟರು ತಾನೇ ಗುರುತಿಸುವ ಪ್ರೋಗ್ರಾಮುಗಳನ್ನು ಸುಲ್ಮಾ ಒಂದೊಂದಾಗಿ ಬರೆದಳು. ಚಿತ್ರವನ್ನು ತಿರುಗಿಸುವುದಕ್ಕೆ ಒಂದು, ಮಂಕು ತೆಗೆಯುವುದಕ್ಕೆ ಒಂದು, ಅಂಚು ಹುಡುಕುವುದಕ್ಕೆ ಮತ್ತೊಂದು. ಬೇರೆಯವರು ತಮ್ಮ ಕೆಲಸಕ್ಕೆ ಎತ್ತಿಕೊಂಡು ಬಳಸಬಹುದಾದ ಇಂಥ ಸಿದ್ಧ ಕೋಡಿನ ಕಟ್ಟನ್ನು ಕಂಪ್ಯೂಟರಿನವರು ಲೈಬ್ರರಿ ಅನ್ನುತ್ತಾರೆ. ಸುಲ್ಮಾ ತನ್ನ ಕಟ್ಟಿಗೆ ಬೀಗ ಹಾಕಲಿಲ್ಲ. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಿ, ಒಳಗೇನಿದೆ ನೋಡಿ, ತಪ್ಪಿದ್ದರೆ ತಿದ್ದಿ, ತಿದ್ದಿದ್ದನ್ನು ಎಲ್ಲರಿಗೂ ಕೊಡಿ ಎಂದು ಇಂಟರ್ನೆಟ್ಟಿನಲ್ಲಿ ತೆರೆದಿಟ್ಟಳು. ನಾವು ಮಾಟೆ ಎಂಬ ಸೊಪ್ಪಿನ ಕಷಾಯ ಕುಡಿಯುವುದೂ ಹಾಗೇ ಅಲ್ಲವೇ? ಒಂದೇ ಸೋರೆಬುರುಡೆ, ಹೀರಲು ಒಂದೇ ಕೊಳವೆ. ಒಬ್ಬರು ಹೀರಿ ಮುಗಿಸಿದರೆ ಬಿಸಿನೀರು ಹೊಯ್ದು ಇನ್ನೊಬ್ಬರಿಗೆ ಕೊಡುವುದು. ನನಗೆ ಬೇರೆ ಲೋಟ ಕೊಡಿ ಅಂದವನನ್ನು ನಾವು ಮನುಷ್ಯನೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಲೈಬ್ರರಿಗೆ ಅವಳಿಟ್ಟ ಹೆಸರು 'ಗುರೀಸಾ'. ನಮ್ಮ ನದಿಸೀಮೆಯಲ್ಲಿ ಪುಟ್ಟ ಹುಡುಗಿಯನ್ನು ಹಾಗೆ ಕರೆಯುತ್ತಾರೆ.

ಮನೆಯ ಪುಟ್ಟ ಹುಡುಗಿ ಹಿಮೇನಾಗೆ ಆಗ ಆರು ವರ್ಷ. ಮುಂದಿನ ಹಲ್ಲು ಬಿದ್ದಿತ್ತು, ಬಾಯಿ ಮಾತ್ರ ಊರಗಲ. ಕ್ಯಾಮೆರಾ ಬಂದ ಹೊಸದರಲ್ಲಿ ಶೆಡ್ಡಿನ ಅಂಗಳದಲ್ಲಿ ಕಿತ್ತಳೆ ಪೆಟ್ಟಿಗೆಯ ಮೇಲೆ ಅವಳನ್ನು ಕೂರಿಸಿ ಸುಲ್ಮಾ ಒಂದು ಚಿತ್ರ ತೆಗೆದಳು. ಅಜ್ಜಿ, ಎಂದರೆ ಅಲ್ಸಿದೆಸನ ತಾಯಿ, ಹೆಣೆದುಕೊಟ್ಟ ಪಟ್ಟೆಪಟ್ಟೆ ಸ್ವೆಟರು ಅವಳ ಮೈಮೇಲಿತ್ತು. ಪಟ್ಟೆ ಬಟ್ಟೆ ಕಂಡರೆ ಚಿತ್ರದ ಕೆಲಸದವರಿಗೆ ಆಸೆ. ಪ್ರೋಗ್ರಾಮಿನಲ್ಲಿ ತಪ್ಪಿದ್ದರೆ ಪಟ್ಟೆಯಲ್ಲಿ ಮೊದಲು ಎದ್ದು ಕಾಣುತ್ತದೆ. ಅದಕ್ಕೇ ಸುಲ್ಮಾ ಅದೇ ಚಿತ್ರವನ್ನು ಪರೀಕ್ಷೆಗೆ ಇಟ್ಟುಕೊಂಡಳು.

ಬಣ್ಣವನ್ನೆಲ್ಲ ತೆಗೆದು ಚಿತ್ರವನ್ನು ಬೂದು ಮಾಡುವ, ತಿಳಿಯನ್ನು ಇನ್ನೂ ತಿಳಿ, ಗಾಢವನ್ನು ಇನ್ನೂ ಗಾಢ ಮಾಡುವ ಹೊಸ ಪ್ರೋಗ್ರಾಮನ್ನು ಅದರ ಮೇಲೆ ಓಡಿಸಿದಳು. ಫಲಿತಾಂಶವನ್ನು ಯಾವ ಹೆಸರಿನಲ್ಲಿ ಉಳಿಸಬೇಕೆಂದು ಹೇಳುವುದನ್ನು ಮರೆತಳು. ಹೊಸ ಹೆಸರು ಹೇಳದಿದ್ದರೆ ಹಳೆಯ ಫೈಲಿನ ಮೇಲೆಯೇ ಬರೆದುಬಿಡು ಎಂದು ಪ್ರೋಗ್ರಾಮಿಗೆ ಕಲಿಸಿದ್ದವಳೂ ಅವಳೇ. ಕಣ್ಣು ಮಿಟುಕಿಸುವಷ್ಟರಲ್ಲಿ ಬಣ್ಣದ ಚಿತ್ರ ಹೋಗಿ ಬೂದುಚಿತ್ರ ಉಳಿಯಿತು. ಬೇರೆ ಪ್ರತಿ ಇರಲಿಲ್ಲ.

"ಅಯ್ಯೋ ಅಮ್ಮಾ, ನಾನು ಇಲಿ ಥರ ಆಗ್ಬಿಟ್ಟೆ!" ಎಂದು ಹಿಮೇನಾ ಕುಣಿದಳು.

"ಇರ್ಲಿ ಬಿಡು ಮರಿ, ಭಾನುವಾರ ಇನ್ನೊಂದು ತೆಗೆಯೋಣ," ಎಂದಳು ಸುಲ್ಮಾ. ಬೇಸರವೇನೂ ಆಗಲಿಲ್ಲ ಅವಳಿಗೆ. ಚಿತ್ರ ಹೋದರೇನು, ಹುಡುಗಿ ಎದುರಿಗೇ ಇದ್ದಳಲ್ಲ.

ಭಾನುವಾರ ಹಿಮೇನಾ ಆಸ್ಪತ್ರೆಯಲ್ಲಿದ್ದಳು. ಮೆದುಳು ಜ್ವರ. ಬೆಳಿಗ್ಗೆ ತಲೆನೋವು ಅಂದ ಮಗು ಸಂಜೆಗೆ ಅಮ್ಮನ ಗುರುತೂ ಹಿಡಿಯಲಿಲ್ಲ. ವಾರ ತುಂಬುವುದರೊಳಗೆ ಎಲ್ಲ ಮುಗಿದುಹೋಯಿತು. ಸೋಂಕಿನ ಕಾಯಿಲೆ ಎಂದು ಮೈಮೇಲಿದ್ದ ಬಟ್ಟೆಯನ್ನೆಲ್ಲ ಸುಟ್ಟರು, ಆ ಸ್ವೆಟರನ್ನೂ. ಅಜ್ಜಿಯನ್ನು ಕೇಳಿದರೆ, "ಬುಟ್ಟೀಲಿ ಉಳಿದಿದ್ದ ಉಣ್ಣೆ ಕಣಮ್ಮ, ಯಾವುದು ಸಿಕ್ತೋ ಅದು," ಎಂದು ಅತ್ತಳೇ ಹೊರತು ಬಣ್ಣ ಹೇಳಲಿಲ್ಲ. ಮುಂದಿನ ವರ್ಷ ಅವಳೂ ತೀರಿಕೊಂಡಳು.

ಸುಲ್ಮಾ ಕೆಲವು ತಿಂಗಳು ಕಂಪ್ಯೂಟರು ಮುಟ್ಟಲಿಲ್ಲ. ಮತ್ತೆ ಮುಟ್ಟಿದಾಗ ಮಾಡಿದ ಮೊದಲ ಕೆಲಸವೆಂದರೆ ಆ ತಪ್ಪನ್ನು ತಿದ್ದಿದ್ದು. ಅಂದಿನಿಂದ ಗುರೀಸಾ ಯಾರು ಹೇಳಿದರೂ ಮೂಲ ಫೈಲಿನ ಮೇಲೆ ಬರೆಯುವುದಿಲ್ಲ. ಬೇರೆ ಹೆಸರು ಕೊಡು ಎಂದು ಕೇಳಿ ನಿಂತುಬಿಡುತ್ತದೆ. ಲೈಬ್ರರಿ ಬೆಳೆದಂತೆ ಎಲ್ಲೆಲ್ಲಿಂದಲೋ ತಕರಾರು ಬಂತು. ಇದೇನು ತಲೆಹರಟೆ, ನಮ್ಮ ಫೈಲು ನಮ್ಮಿಷ್ಟ, ಜಾಗ ಹಾಳು ಎಂದು ಬಾಯಿಗೆ ಬಂದಂತೆ ಬರೆದವರುಂಟು. ಅವರವರ ದೃಷ್ಟಿಯಲ್ಲಿ ಸರಿಯೇ. ಸುಲ್ಮಾ ಎಲ್ಲರಿಗೂ ಒಂದೇ ಸಾಲಿನ ಉತ್ತರ ಬರೆಯುತ್ತಿದ್ದಳು: "ಮೂಲ ಇದ್ದ ಹಾಗೇ ಇರಲಿ, ಬೇರೆ ಹೆಸರು ಕೊಡಿ." ಯಾಕೆಂದು ಯಾರಿಗೂ ಹೇಳಲಿಲ್ಲ.

ಪೆಟ್ಟಿಗೆಯ ಮೇಲೆ ಕೂತ ಬೂದು ಹುಡುಗಿ ಮಾತ್ರ ಲೈಬ್ರರಿಯ ಜೊತೆಗೇ ಉಳಿದಳು. ಗುರೀಸಾವನ್ನು ಹೊಸದಾಗಿ ಕಲಿಯುವವರು ಮೊದಲು ಅವಳ ಚಿತ್ರದ ಮೇಲೇ ಕೈ ಪಳಗಿಸುತ್ತಾರೆ. ಕಂಡು ಕೇಳರಿಯದ ಜನ ಅವಳನ್ನು ತಲೆಕೆಳಗು ಮಾಡಿದರು, ಮಂಕು ಮಾಡಿದರು, ಅಂಚು ಬಿಡಿಸಿದರು, ಚೂರುಚೂರು ಮಾಡಿ ಮತ್ತೆ ಜೋಡಿಸಿದರು. ಮೊದಮೊದಲು ಅಂಥ ಚಿತ್ರ ಕಂಡರೆ ಸುಲ್ಮಾ ಪರದೆ ಆರಿಸಿ ಎದ್ದುಹೋಗುತ್ತಿದ್ದಳು. ಆಮೇಲಾಮೇಲೆ ಎಲ್ಲೋ ಯಾರೋ ಈಗ ನನ್ನ ಮಗಳ ಮುಖ ನೋಡುತ್ತಿದ್ದಾರೆ ಎಂದುಕೊಂಡರೆ ಸಮಾಧಾನವಾಗತೊಡಗಿತು.

ಇನ್ನು ಆ ಸ್ವೆಟರಿನ ಜಗಳ. ವರ್ಷಗಳು ಉರುಳಿದರೂ ಅದು ಹಳತಾಗಲಿಲ್ಲ. ಗೋಡೆಯ ಮೇಲಿನ ಚಿತ್ರದ ಧೂಳು ಒರೆಸುವಾಗಲೋ, ರೇಡಿಯೋದಲ್ಲಿ ಫುಟ್‌ಬಾಲ್ ಬರುವಾಗಲೋ ಶುರುವಾಗುತ್ತಿತ್ತು. ನಮ್ಮ ದೇಶದಲ್ಲಿ ಮಗು ಹುಟ್ಟುವಾಗಲೇ ಒಂದೋ ಪೆನ್ಯಾರೋಲ್ ತಂಡದ ಕಡೆ, ಇಲ್ಲವೋ ನಾಸಿಯೊನಾಲ್ ಕಡೆ. ಪೆನ್ಯಾರೋಲಿನದು ಹಳದಿ-ಕಪ್ಪು, ಅಲ್ಸಿದೆಸನ ಮನೆತನವೆಲ್ಲ ಅದೇ. ಸುಲ್ಮಾಳ ತವರಿನವರು ನಾಸಿಯೊನಾಲ್. ಬಿಳಿ, ಕೆಂಪು, ನೀಲಿ.

"ಹಳದಿ-ಕಪ್ಪು ಕಣೇ. ನನ್ನಮ್ಮ ಹೆಣೆದಿದ್ದು. ಬೇರೆ ಬಣ್ಣದ ಉಣ್ಣೆ ನಮ್ಮನೆ ಹೊಸ್ತಿಲು ದಾಟಿಲ್ಲ."

"ನಿಮ್ಮಮ್ಮನಿಗೆ ಅಷ್ಟರಲ್ಲಾಗ್ಲೇ ಕಣ್ಣು ಮಂಜಾಗಿತ್ತು. ಕೆಂಪು-ನೀಲಿ. ಒಗೆದು ಒಣಗಹಾಕ್ತಿದ್ದೋಳು ನಾನು. ನೀರಿಗೆ ನೀಲಿ ಬಿಡ್ತಿತ್ತು."

"ನೀಲಿ ಬಿಟ್ಟಿದ್ದು ನಿಮ್ಮಪ್ಪನ ಬನಿಯನ್ನು!"

"ಸತ್ತವರ ಬನಿಯನ್ ಸುದ್ದಿ ಯಾಕೋ ನಿಂಗೆ ಮುದುಕ?"

"ಅಷ್ಟು ಲೆಕ್ಕ ಓದಿದೀಯಲ್ಲ, ಆ ಬೂದಿನ ಒಳಗೆ ಯಾವ ಬಣ್ಣ ಇದೆ ಅಂತ ಹುಡುಕಿ ತೆಗಿ ನೋಡೋಣ."

ಅದು ಆಗದ ಕೆಲಸ ಎಂದು ಸುಲ್ಮಾಗಿಂತ ಚೆನ್ನಾಗಿ ಬಲ್ಲವರಾರು! ಒಂದು ಬೂದಿನ ಹಿಂದೆ ನೂರು ಬಣ್ಣ ಇರಬಹುದು. ಬಿಸಿಲಿಗೆ ಬಿದ್ದ ಕೆಂಪೂ ನೆರಳಿನಲ್ಲಿದ್ದ ಹಳದಿಯೂ ಒಂದೇ ಬೂದಾಗಬಹುದು. ಸಾಲದ್ದಕ್ಕೆ ತಿಳಿ-ಗಾಢಗಳನ್ನೂ ಹಿಗ್ಗಿಸಿಬಿಟ್ಟಿದ್ದಳಲ್ಲ, ಸುಳಿವು ಎಂಬುದೇ ಉಳಿದಿರಲಿಲ್ಲ. ಕೆಲವು ರಾತ್ರಿ ಹಳದಿಯೇ ಇತ್ತೇನೋ ಎಂದು ಅವಳಿಗೇ ಅನುಮಾನ ಬರುತ್ತಿತ್ತು. ಬೆಳಗಾದರೆ ಮತ್ತೆ ಕೆಂಪು-ನೀಲಿ. ಈ ಜಗಳ ಕೇಳಿದ ನೆರೆಯವರು ನಗುತ್ತಿದ್ದರು, ಇಷ್ಟು ವರ್ಷವಾದರೂ ಬಿಡಲಿಲ್ಲವಲ್ಲ ಎಂದು. ಅವರಿಗೆ ತಿಳಿಯದ ಸಂಗತಿ ಒಂದಿತ್ತು. ಇದೊಂದು ಜಗಳ ಬಿಟ್ಟರೆ ಆ ಇಬ್ಬರು ಬೇರೆ ಯಾವ ಮಾತಿನಲ್ಲೂ ಮಗಳ ಸುದ್ದಿ ಎತ್ತುತ್ತಿರಲಿಲ್ಲ. ಅವಳ ಹುಟ್ಟುಹಬ್ಬದ ದಿನ ಅಲ್ಸಿದೆಸ್ ಮೀನು ಹಿಡಿಯಲು ನದಿಗೆ ಹೋಗಿಬಿಡುತ್ತಿದ್ದ, ಸುಲ್ಮಾ ಕಪಾಟು ಜೋಡಿಸುತ್ತ ಕೂರುತ್ತಿದ್ದಳು. ಸ್ವೆಟರಿನ ಮಾತು ಬಂದಾಗ ಮಾತ್ರ ಹುಡುಗಿ ಇಬ್ಬರ ನಡುವೆ ಬಂದು ಕೂರುತ್ತಿದ್ದಳು.

ಅಲ್ಸಿದೆಸನಿಗೆ ಅರವತ್ತೆಂಟಾದ ವರ್ಷ ಅವನ ಶ್ವಾಸಕೋಶ ಕೈಕೊಟ್ಟಿತು. ಶೆಡ್ಡಿನ ಶೀತಕೋಣೆಯ ಗಾಳಿ, ಮೇಲೆ ಬೀಡಿಯಂಥ ಗಟ್ಟಿ ಸಿಗರೇಟು. ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ಹಿತ್ತಲಿನ ದ್ರಾಕ್ಷಿ ಚಪ್ಪರದ ಕೆಳಗೆ ಕೂರುತ್ತಿದ್ದ. ಬಾಯಿ ಮಾತ್ರ ಹಾಗೇ ಇತ್ತು. ಮೇ ತಿಂಗಳಿನಲ್ಲಿ, ಭೂಮಿಯ ಕೆಳಗಿನ ಅರ್ಧದಲ್ಲಿರುವ ನಮ್ಮ ಕಡೆ ಇನ್ನೇನು ಚಳಿ ಶುರುವಾಗಬೇಕು ಅನ್ನುವಾಗ, ಆಸ್ಪತ್ರೆಗೆ ತೋರಿಸಲು ಹೋದಲ್ಲಿ ಡಾಕ್ಟರು ಸುಲ್ಮಾಳನ್ನು ಬಾಗಿಲ ಆಚೆ ಕರೆದು, "ಈ ಚಳಿಗಾಲ ದಾಟೋದು ಕಷ್ಟ ಟೀಚರ್," ಎಂದರು. ಅವಳು ಮುಖ ಸರಿಮಾಡಿಕೊಂಡು ಒಳಗೆ ಹೋಗಿ, "ಮಾತ್ರೆ ಬದಲಾಯಿಸಿದಾರಂತೆ, ಅಷ್ಟೇ," ಎಂದು ಸುಳ್ಳು ಹೇಳಿದಳು.

ಅದೇ ವಾರ ರೊಮಿನಾ ಬಂದಳು. ನದಿಯ ಮೇಲ್ಭಾಗದಲ್ಲಿರುವ ಸಾಲ್ತೋ ಊರಿನವಳು. ಗುರೀಸಾದ ಉಸ್ತುವಾರಿಯಲ್ಲಿ ವರ್ಷಗಳಿಂದ ಸುಲ್ಮಾಗೆ ಹೆಗಲು ಕೊಟ್ಟವಳು, ಮೂವತ್ತರ ಆಸುಪಾಸಿನ ಚುರುಕು ಹೆಂಗಸು. ಬೂದು ಹುಡುಗಿ ಯಾರೆಂದು ತಿಳಿದಿದ್ದ ಕೆಲವರಲ್ಲಿ ಅವಳೂ ಒಬ್ಬಳು.

"ಬಾರಮ್ಮ ಸಾಲ್ತೋದೋಳೇ," ಎಂದ ಅಲ್ಸಿದೆಸ್. "ನಿಮ್ಮೂರ ಕಿತ್ತಳೇಲಿ ಈ ವರ್ಷನಾದ್ರೂ ರಸ ಬಂತಾ, ಅಥವಾ ಬರೀ ಸಿಪ್ಪೇನಾ?"

"ನಿಮ್ಮ ಶೆಡ್ಡಿಗೆ ಒಳ್ಳೇದನ್ನ ಯಾರು ಕಳಿಸ್ತಾರೆ ದೋನ್ ಅಲ್ಸಿದೆಸ್? ಉಳಿದಿದ್ದನ್ನ ತಾನೇ ಕಳ್ಸೋದು," ಎಂದು ರೊಮಿನಾ ನಕ್ಕಳು; ಹಿರಿಯರನ್ನು ದೋನ್ ಎನ್ನುವುದು ನಮ್ಮಲ್ಲಿ ಮರ್ಯಾದೆ. ಆಮೇಲೆ ಚೀಲದಿಂದ ಲ್ಯಾಪ್‌ಟಾಪ್ ತೆಗೆದಳು. "ಟೀಚರ್, ನಿಮಗೊಂದು ಉಡುಗೊರೆ ತಂದಿದೀನಿ. ಬೈಬಾರದು."

ಬೂದುಚಿತ್ರಕ್ಕೆ ಬಣ್ಣ ತುಂಬುವ ಹೊಸ ಪ್ರೋಗ್ರಾಮನ್ನು ಅವಳು ಬರೆದಿದ್ದಳು. ಲಕ್ಷಾಂತರ ಬಣ್ಣದ ಚಿತ್ರ ನೋಡಿ ಕಲಿತ ಯಂತ್ರ, ಎಲೆ ಎಂದರೆ ಹಸಿರಿರಬೇಕು, ಆಕಾಶ ಎಂದರೆ ನೀಲಿ ಇರಬೇಕು ಎಂದು ಊಹಿಸುತ್ತದೆ. ಸುಲ್ಮಾ ಒಪ್ಪಿದರೆ ಅದು ಗುರೀಸಾಕ್ಕೆ ಸೇರಬೇಕು. ಮೊದಲ ಚಿತ್ರ ಹಿಮೇನಾಳದ್ದೇ ಆಗಲಿ ಎಂದು ಅವಳ ಆಸೆ.

ಪರದೆಯ ಮೇಲೆ ಹುಡುಗಿ ಬಂದಳು. ಕೆನ್ನೆ ನಸುಗೆಂಪು. ಕೂದಲು ಕಂದು. ಹಿಂದಿನ ಪೆಟ್ಟಿಗೆಗಳಲ್ಲಿ ಕಿತ್ತಳೆಗಳು ಕಿತ್ತಳೆಯ ಬಣ್ಣದಲ್ಲೇ ಇದ್ದವು. ಇದು ಸುಳ್ಳು, ಆ ಕೆನ್ನೆಯ ಕೆಂಪು ಯಾರ ಯಾರದೋ ಮಕ್ಕಳಿಂದ ಎತ್ತಿ ತಂದದ್ದು ಎಂದು ಸುಲ್ಮಾಳ ಬುದ್ಧಿ ಹೇಳುತ್ತಿತ್ತು. ಕೈ ತಾನಾಗಿ ಪರದೆಯ ಕೆನ್ನೆ ಸವರಲು ಹೋಯಿತು. ಸ್ವೆಟರು ಮಾತ್ರ ಒಂದು ಥರದ ಕೆಸರುಬಣ್ಣಕ್ಕೆ ತಿರುಗಿತ್ತು.

"ಇದೇನಮ್ಮಾ ಇದು," ಎಂದ ಅಲ್ಸಿದೆಸ್ ಕನ್ನಡಕ ಏರಿಸಿ, "ಸಾಲ್ತೋದ ಸೆಗಣಿನಾ?"

"ಸ್ವೆಟರ್ ಯಾವ ಬಣ್ಣ ಬೇಕಾದ್ರೂ ಇರಬಹುದಲ್ಲ ದೋನ್ ಅಲ್ಸಿದೆಸ್. ಯಂತ್ರಕ್ಕೆ ತಿಳಿಯದೆ ಎಲ್ಲಾನೂ ಕಲಸಿ ಮಧ್ಯದ್ದೊಂದು ಹಾಕುತ್ತೆ. ನೀವು ಹೇಳಿಕೊಟ್ರೆ ಸರಿಹೋಗುತ್ತೆ. ಪಟ್ಟೆ ಮೇಲೆ ಒಂದೇ ಒಂದು ಚುಕ್ಕೆ ಬಣ್ಣ ಇಟ್ರೆ ಸಾಕು, ಉಳಿದದ್ದನ್ನ ಅದೇ ತುಂಬುತ್ತೆ. ಟೀಚರ್, ನೀವೇ ಇಡಿ."

ರೊಮಿನಾ ಜಾಗ ಬಿಟ್ಟುಕೊಟ್ಟಳು. ಸುಲ್ಮಾ ಮೌಸ್ ಹಿಡಿದು ಗಂಡನ ಕಡೆ ನೋಡಿದಳು. ಅವನು ಮಾಟೆ ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದು ಪರದೆಯನ್ನೇ ನೋಡುತ್ತಿದ್ದ, ಮಣಿಕಟ್ಟು ಕಡ್ಡಿಯಾಗಿತ್ತು. ಡಾಕ್ಟರ ಮಾತು ಅವಳಿಗೆ ನೆನಪಾಯಿತು. ಇಷ್ಟು ವರ್ಷ ಹಠ ಹಿಡಿದು ಏನು ಸಿಕ್ಕಿತು, ಒಂದು ಸಲವಾದರೂ ಈ ಮನುಷ್ಯ ಗೆದ್ದು ಹೋಗಲಿ ಅನ್ನಿಸಿತು. ಪಟ್ಟೆಯ ಮೇಲೆ ಹಳದಿಯ ಚುಕ್ಕೆ ಇಟ್ಟಳು. ಪಕ್ಕದ ಪಟ್ಟೆಗೆ ಕಪ್ಪು.

ಸ್ವೆಟರು ಮೇಲಿಂದ ಕೆಳಗಿನವರೆಗೆ ಹಳದಿ-ಕಪ್ಪಾಯಿತು. ಚೆಂದವೇ ಇತ್ತು.

"ತಗೋ ಮುದುಕ," ಎಂದಳು ಸುಲ್ಮಾ. "ನೀನು ಹೇಳಿದ್ದೇ ಸರಿ. ಈಗ ನೋಡಿದ್ರೆ ನಂಗೂ ನೆನಪಾಗ್ತಿದೆ."

ಅಲ್ಸಿದೆಸ್ ಗೆದ್ದವನ ಹಾಗೆ ಕುಣಿಯುತ್ತಾನೆ, ನಾಸಿಯೊನಾಲಿನವರನ್ನು ಜನ್ಮ ಜಾಲಾಡುತ್ತಾನೆ ಎಂದು ರೊಮಿನಾ ಕಾದಳು. ಅವನು ಬುರುಡೆಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟ.

"ಯಾವಾಗ ಹೇಳಿದ್ರು?" ಎಂದ.

"ಯಾರು?"

"ಡಾಕ್ಟ್ರು. ಎಷ್ಟು ದಿನ ಅಂದ್ರು?"

"ಏನೋ ಬಡಬಡಿಸ್ಬೇಡ. ಮಾತ್ರೆ ಬದಲಾಯಿಸಿದಾರೆ ಅಂತ ಹೇಳ್ಲಿಲ್ವಾ?"

"ಸುಲ್ಮಾ," ಎಂದ ಅವನು. ಹೆಸರು ಹಿಡಿದು ಕರೆದಿದ್ದು ಎಷ್ಟು ಕಾಲದ ಮೇಲೋ. "ಮಗು ಹೋದ ಮೇಲೆ ನೀನು ಒಂದೇ ಒಂದು ಸಲ ಸೋತಿಲ್ಲ ಇದ್ರಲ್ಲಿ. ನಂಗೆ ನ್ಯುಮೋನಿಯಾ ಆಗಿ ಮಂಚ ಹಿಡಿದಾಗ್ಲೂ ಕೆಂಪು-ನೀಲಿ ಅಂತ ಜಗಳ ಆಡ್ದೋಳು ನೀನು. ಇವತ್ತು ಹಳದಿ ಇಟ್ಟೆ ಅಂದ್ರೆ ನಾನು ಹೊರಟೆ ಅಂತಾನೇ ಅರ್ಥ."

ಸುಲ್ಮಾ ಬಾಯಿಗೆ ಶಾಲಿನ ಅಂಚು ಒತ್ತಿಕೊಂಡಳು. ತಡೆಯಲಾಗಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅಳದಿದ್ದದ್ದು, ಅದಕ್ಕೂ ಹಿಂದಿನದು, ಎಲ್ಲ ಒಟ್ಟಿಗೆ ಬಂತು. ರೊಮಿನಾ ಎದ್ದು ಹೋಗಲೋ ಬೇಡವೋ ತಿಳಿಯದೆ, "ಕ್ಷಮಿಸಿ ಟೀಚರ್, ನಾನು ಒಳ್ಳೇದಾಗ್ಲಿ ಅಂತ..." ಎಂದು ತೊದಲಿದಳು.

"ನಿಂದೇನೂ ತಪ್ಪಿಲ್ಲ ತಾಯಿ, ಕೂತ್ಕೋ," ಎಂದ ಅಲ್ಸಿದೆಸ್. ಉಸಿರು ಎಳೆದುಕೊಳ್ಳಲು ಸ್ವಲ್ಪ ತಡೆದ. "ಆ ಬಣ್ಣ ತೆಗೆದುಹಾಕು. ಬೂದಿದ್ದೇ ಬರ್ಲಿ."

ರೊಮಿನಾ ಬಣ್ಣದ ಚಿತ್ರ ಮುಚ್ಚಿದಳು. ಅವಳ ಪ್ರೋಗ್ರಾಮಿಗೂ ಗುರೀಸಾದ ಕಟ್ಟಳೆಯೇ ಕಟ್ಟಳೆಯಾದ್ದರಿಂದ ಮೂಲ ಇದ್ದಲ್ಲೇ ಇತ್ತು. ಹಲ್ಲು ಬಿದ್ದ ಬೂದು ಹುಡುಗಿ ಮತ್ತೆ ಬಂದು ಕೂತಳು.

"ಹ್ಞೂಂ, ಈಗ ಹೇಳು," ಎಂದು ಅಲ್ಸಿದೆಸ್ ಹೆಂಡತಿಯ ಮೊಣಕಾಲು ತಟ್ಟಿದ. "ಯಾವ ಬಣ್ಣ?"

ಸುಲ್ಮಾ ತಲೆ ಅಲ್ಲಾಡಿಸಿದಳು.

"ಹೇಳೇ ಮುದುಕಿ. ಇನ್ನೂ ಕೂತಿದೀನಲ್ಲ ಇಲ್ಲಿ."

"ಕೆಂಪು-ನೀಲಿ," ಎಂದಳು ಬಿಕ್ಕುತ್ತ.

"ಕಣ್ಣು ಪರೀಕ್ಷೆ ಮಾಡಿಸ್ಕೋ. ಹಳದಿ-ಕಪ್ಪು."

"ನೀರಿಗೆ ನೀಲಿ ಬಿಡ್ತಿತ್ತು ಅಂತ ಎಷ್ಟು ಸಲ ಹೇಳ್ಲಿ ನಿಂಗೆ..."

"ನಿಮ್ಮಪ್ಪನ ಬನಿಯನ್ನು!"

ಆ ಚಳಿಗಾಲವೆಲ್ಲ ಅವರು ದಿನಾ ಜಗಳವಾಡಿದರು. ಜಗಳದ ಒಳಗೇ ಬೇರೆ ಮಾತುಗಳೂ ಇಣುಕಿದವು: ಸ್ವೆಟರಿನ ತೋಳು ಉದ್ದವಾಗಿ ಹಿಮೇನಾ ಅದನ್ನು ಸಾರಿಗೆ ಅದ್ದುತ್ತಿದ್ದದ್ದು, ಶೆಡ್ಡಿನಲ್ಲಿ ಹಣ್ಣು ಕದ್ದು ಸ್ವೆಟರಿನೊಳಗೆ ತುಂಬಿಕೊಂಡು ಬಸುರಿಯ ಹಾಗೆ ನಡೆದದ್ದು. ಇಷ್ಟು ವರ್ಷ ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟಿದ್ದ ಮಾತುಗಳು. ಆಗಸ್ಟಿನಲ್ಲಿ, ಮಳೆ ಹಿಡಿದು ಕೂತಿದ್ದ ಒಂದು ಮಧ್ಯಾಹ್ನ, ಸುಲ್ಮಾ ಒಲೆಯ ಮುಂದೆ, ಮಳೆ ಬಂದರೆ ನಮ್ಮಲ್ಲಿ ಮಾಡುವ ಎಣ್ಣೆರೊಟ್ಟಿ ಕರಿಯುತ್ತಿದ್ದಾಗ ಅಲ್ಸಿದೆಸ್ ಕುರ್ಚಿಯಲ್ಲೇ ಹೋಗಿಬಿಟ್ಟ.

ರೊಮಿನಾಳ ಪ್ರೋಗ್ರಾಮನ್ನು ಸುಲ್ಮಾ ಗುರೀಸಾಕ್ಕೆ ಸೇರಿಸಿದಳು. ಒಳ್ಳೆಯ ಕೆಲಸ, ಬೇಡ ಅನ್ನಲು ಕಾರಣವಿರಲಿಲ್ಲ. ಪೆಟ್ಟಿಗೆಯ ಮೇಲಿನ ಹುಡುಗಿಯನ್ನು ಮಾತ್ರ ಬೂದಾಗಿಯೇ ಬಿಟ್ಟಳು. ಯಾವುದೋ ದೂರದ ಊರಿನವನೊಬ್ಬ, ಬಣ್ಣ ತುಂಬುವ ಉಪಾಯ ಕೈಯಲ್ಲೇ ಇರುವಾಗ ನಿಮ್ಮ ಮಾದರಿ ಚಿತ್ರ ಯಾಕೆ ಹೀಗೆ ಎಂದು ಬರೆದು ಕೇಳಿದ. ಅವನಿಗೂ ಅವಳು ಒಂದೇ ಸಾಲು ಬರೆದಳು: "ಬಣ್ಣ ಇನ್ನೂ ತೀರ್ಮಾನವಾಗಿಲ್ಲ."

ಬರೆದಾದ ಮೇಲೆ ಎದ್ದು ಹಿತ್ತಲಿಗೆ ಹೋದಳು. ಚಪ್ಪರದ ಬಳ್ಳಿ ಆಗ ತಾನೇ ಚಿಗುರುತ್ತಿತ್ತು. ಬುರುಡೆಗೆ ಬಿಸಿನೀರು ಹೊಯ್ದು, ಎದುರಿನ ಕುರ್ಚಿಯ ಕಡೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಕೆಂಪು-ನೀಲಿ," ಎಂದಳು ಗಟ್ಟಿಯಾಗಿ.

ಕಾದಳು. ಪಕ್ಕದ ಮನೆಯ ರೇಡಿಯೋ ಬಿಟ್ಟರೆ ಯಾವ ಸದ್ದೂ ಇಲ್ಲ.

"ಹಳದಿ-ಕಪ್ಪು ಕಣೇ ಮುದುಕಿ," ಎಂದು ತಾನೇ ಹೇಳಿಕೊಂಡು, ತಣ್ಣಗಾಗಿದ್ದ ಮಾಟೆಯನ್ನು ಒಬ್ಬಳೇ ಹೀರಿದಳು.